ಮುನಿಯಾಂಡಿ ಹೆಣೆದ ಬೂಟಿನ ದಾರ

ಹನ್ನೊಂದು ವರ್ಷವಾದರೂ ನನಗೆ ನನ್ನ ಮೇಲಿನ ಸಿಟ್ಟು ಆರಿಲ್ಲ.

ಮುನಿಯಾಂಡಿ ಮಲೇಷ್ಯಾದ ಕ್ಲಾಂಗ್ ಪಟ್ಟಣದಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದ ತಮಿಳ. ಭಾನುವಾರ ತಲೆ ನುಣ್ಣಗೆ ಬೋಳಿಸಿ, ಗರಿಗರಿ ಅಂಗಿ ತೊಟ್ಟು, ಕೆಂಪು ಬೂಟು ಹಾಕಿ ಬಂದನೆಂದರೆ ಥೇಟ್ ಮದುಮಗ. ಜಮೈಕಾದ ಕರಿಯರು ಹುಟ್ಟುಹಾಕಿದ ಕುಣಿತದ ಸಂಗೀತ ಸ್ಕಾ; ನಮ್ಮ ಸ್ಕಾ ತಂಡ ಕಟ್ಟಿದವನು ಅವನೇ, ಟ್ರಂಪೆಟ್ ಊದುವವನೂ ಅವನೇ. ನಮ್ಮೆಲ್ಲರ ಬೋಳುತಲೆ, ಬೂಟು ಕಂಡರೆ ಜನ ನಮ್ಮನ್ನೂ ಜನಾಂಗದ್ವೇಷಿಗಳೆಂದು ಬಯ್ಯುತ್ತಿದ್ದರು. "ಈ ವೇಷ ಮೊದ್ಲು ಸ್ಕಾ ಹುಡುಗ್ರದ್ದು, ಕದ್ದೋರು ಅವ್ರು. ನಾವ್ಯಾಕೋ ಬಿಡ್ಬೇಕು?" ಎನ್ನುತ್ತಿದ್ದ ಮುನಿಯಾಂಡಿ. ತಂಡ ಸೇರಿದ ಪ್ರತಿಯೊಬ್ಬನ ಬೂಟಿಗೂ ತಾನೇ ಕೂತು ಕರಿ ದಾರ, ಬಿಳಿ ದಾರ ಸೇರಿಸಿ ಹೆಣೆಯುತ್ತಿದ್ದ. ಮಲಯರು, ಚೀನಿಯರು, ತಮಿಳರು ಎಂಬ ಭೇದ ನಮ್ಮಲ್ಲಿಲ್ಲ ಎಂದು ಅದರ ಅರ್ಥ. ಮಲಯರವನಾದ ನನಗೂ ಹಾಗೇ ಹೆಣೆದುಕೊಟ್ಟ. ಆ ದಾರ ಊರಿಗೆಲ್ಲ ಗೊತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಕಾರ್ಯಕ್ರಮವಿತ್ತು. ಈ ನೆಲ ಮಲಯರಿಗಷ್ಟೇ ಎನ್ನುವ ಬೋಳುತಲೆಗಳು ಇಪ್ಪತ್ತು ಜನ ಬಂದು ಮುಂದೆ ನಿಂತರು. ಎಲ್ಲರ ಬೂಟಿಗೂ ಬರೀ ಬಿಳಿ ದಾರ, ಜನಾಂಗದ್ವೇಷಿಗಳ ಗುರುತು. ನಮ್ಮ ಹಾಡುಗಾರ ರಿಜುವಾನ್ ಮುನಿಯಾಂಡಿಯ ತೋಳು ಹಿಡಿದು ಪಕ್ಕಕ್ಕೆಳೆದ.

"ಅಣ್ಣೆ, ಇವತ್ತು ವೇದಿಕೆ ಹತ್ತೋರಲ್ಲಿ ಮಲಯ ಅಲ್ದೋನು ನೀನೊಬ್ನೇ, ಇವತ್ತೊಂದಿನ ಕೆಳಗೇ ಇದ್ಬಿಡು. ಸುಮ್ನೆ ಗಲಾಟೆ ಯಾಕೆ?"

"ಗಲಾಟೆ ಮಾಡೋರು ಅವ್ರು, ಕೆಳಗಿರೋನು ನಾನಾ? ಭಲೇ ನ್ಯಾಯ ಕಣೋ!" ಎಂದ ಮುನಿಯಾಂಡಿ. ನನ್ನತ್ತ ತಿರುಗಿದ. "ಶಹರಿಲ್, ನೀನೇನಂತೀಯ?"

ನಾನು ಕೈಯಲ್ಲಿದ್ದ ಡ್ರಮ್ಮಿನ ಕೋಲು ನೋಡುತ್ತಾ ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

"ಸರಿ. ನಾನು ಹೆಣೆದ ದಾರ ಬಿಚ್ಕೊಡಿ" ಎಂದ ಮುನಿಯಾಂಡಿ.

ಬಿಚ್ಚಿಕೊಟ್ಟೆವು, ನಾಚಿಕೆಗೆಟ್ಟವರು. ಎಲ್ಲವನ್ನೂ ಜೇಬಿಗೆ ತುರುಕಿಕೊಂಡು ಮೆಟ್ಟಿಲಿಳಿದ.

ಸಡಿಲ ಬೂಟಿನಲ್ಲಿ ಕಾಲೆಳೆಯುತ್ತಾ ವೇದಿಕೆ ಹತ್ತಿದೆವು. ಮುಂದಿದ್ದವನೊಬ್ಬ ನಮ್ಮ ಕಾಲು ನೋಡಿ ಚಪ್ಪಾಳೆ ತಟ್ಟಿದ. "ಕರಿ ದಾರ ಕಿತ್ತಾಕಿದ್ರಾ? ಈಗ ನಮ್ಮೋರಾದ್ರಿ ನೋಡಿ!"

ಇಪ್ಪತ್ತೂ ಜನ ಚಪ್ಪಾಳೆ ತಟ್ಟಿದರು. ಕೋಲು ಬಿಸಾಡಿ ಕೆಳಗೋಡಿದೆ. ಎದುರಿನ ಬಸ್ ನಿಲ್ದಾಣದಲ್ಲಿ ಮುನಿಯಾಂಡಿ ಕೂತಿದ್ದ.

"ತಪ್ಪಾಯ್ತು ಅಣ್ಣೆ. ನೀನಿಲ್ದಿದ್ರೆ ಅದೊಂದು ತಂಡಾನಾ? ದಾರ ಕೊಡು."

"ಇಲ್ಲಿ ಯಾರ್ ಕೇಳ್ತಾರೋ ಇದನ್ನ, ಬೀದಿ ನಾಯಿನಾ? ಮೇಲ್ ಹೋಗಿ ಮೈಕಲ್ಲಿ ಹೇಳು. ಆಮೇಲೆ ಕೊಡ್ತೀನಿ."

ಮೆಟ್ಟಿಲಿನವರೆಗೂ ಹೋದೆ. ಮೇಲೆ ಅವರು ಕೇಕೆ ಹಾಕುತ್ತಿದ್ದರು. ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟೆ. ತಿರುಗಿ ನೋಡಿದಾಗ ಅವನು ಬಸ್ ಹತ್ತುತ್ತಿದ್ದ. ಮತ್ತೆ ಅವನು ಟ್ರಂಪೆಟ್ ಊದಿದ್ದನ್ನು ಯಾರೂ ಕೇಳಲಿಲ್ಲ.

ಆ ಬೂಟು ದಾರವಿಲ್ಲದೆ ಇನ್ನೂ ಮನೆಯಲ್ಲಿದೆ. ಅಂಗಡಿಯಲ್ಲಿ ಕರಿ ದಾರವೂ ಸಿಗುತ್ತದೆ, ಬಿಳಿ ದಾರವೂ ಸಿಗುತ್ತದೆ. ಯಾವ ಮುಖ ಇಟ್ಟುಕೊಂಡು ಕೊಳ್ಳಲಿ?