ಕುರ್ಚಿ ಮೇಲೆ ಸೊಸೆ

ಗೊರೇಬಾಳಕ್ಕೆ ಕಾಲುವೆ ನೀರು ಬಂದ ವರ್ಷವೇ ನಾನೂ ಸೊಸೆಯಾಗಿ ಬಂದೆ. ನೀರಿಗೆ ಪೂಜೆ ಮಾಡಿದರು, ನನ್ನನ್ನು ಒಲೆ ಮುಂದೆ ಕೂಡಿಸಿದರು. ಎರಡನೇ ಹೆರಿಗೆಯಾದ ಮೇಲೆ ಕೀಲುವಾತ ಹಿಡಿಯಿತು. ಮೊದಲು ಬೆರಳು, ಆಮೇಲೆ ಮೊಣಕಾಲು, ಕೊನೆಗೆ ಬಲಸೊಂಟದ ಕೀಲು. ಊರಿನ ಎಣ್ಣೆಯೆಲ್ಲ ನನ್ನ ಮೈಮೇಲೆ ಖರ್ಚಾಯಿತು. ನೋವು ಮಾತ್ರ ಕದಲಲಿಲ್ಲ.

ಗೋಡೆ ಹಿಡಿದು ನಡೆಯುವ ಗತಿ ಬಂದಾಗ ಗಂಡ ಮದ್ರಾಸ್ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಸವೆದ ಕೀಲು ತೆಗೆದು ಉಕ್ಕಿನದು ಕೂಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದರು: ಇನ್ನು ನೆಲದ ಮೇಲೆ ಕೂಡಲೇಬಾರದು, ಕೂತರೆ ಕೀಲು ತಪ್ಪುತ್ತದೆ, ಎತ್ತರದ ಕುರ್ಚಿಯೇ ಬೇಕು. ಹೇಳಲಿಕ್ಕೆ ಅವರಿಗೇನು, ಅವರು ನನ್ನ ಅತ್ತೆಯನ್ನು ನೋಡಿರಲಿಲ್ಲ.

ಹಿರಿಯರು ನೆಲದ ಮೇಲಿದ್ದಾಗ ನಮ್ಮ ಮನೆಯ ಸೊಸೆ ಕಟ್ಟೆಯ ಮೇಲೂ ಕೂಡುವಂತಿರಲಿಲ್ಲ. ಹನ್ನೆರಡು ವರ್ಷ ಅತ್ತೆ ಈ ಪಾಠವನ್ನು ಬರೀ ಕಣ್ಣಿನಿಂದ ಕಲಿಸಿದ್ದರು. ಗಂಡ ಸಿಂಧನೂರಿನಿಂದ ಕುರ್ಚಿ ತಂದು ಪಡಸಾಲೆಯಲ್ಲಿಟ್ಟ. ನಾನು ಅದರ ಪಕ್ಕದಲ್ಲಿ ನಿಂತೆ. ನಿಂತೇ ಉಂಡೆ, ನಿಂತೇ ಕಾಳು ಆರಿಸಿದೆ. ಅತ್ತೆ ದಿನಕ್ಕೆ ಹತ್ತು ಸಲ ಎಮ್ಮೆ ನೋಡಿ ಬರ್ತೀನಿ ಎಂದು ಹಿತ್ತಲಿಗೆ ಹೋಗುತ್ತಿದ್ದರು. ಅವರು ಹೋದರೆ ಕೂಡುತ್ತಿದ್ದೆ. ಒಳಗೆ ಬರುವ ಮೊದಲು ಅವರು ಕೆಮ್ಮುತ್ತಿದ್ದರು, ನಾನು ಏಳುತ್ತಿದ್ದೆ. ಎಮ್ಮೆಗೆ ಅಷ್ಟು ಆರೈಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಮಸ್ಕಿಯಿಂದ ಮಾವನ ಅಣ್ಣ ಬಂದರು. ಅವರ ಮುಂದೆ ಅತ್ತೆ ಎಂದೂ ಬಾಯಿ ಬಿಟ್ಟವರಲ್ಲ. ಆವತ್ತೂ ಸೆರಗು ಹೊದ್ದು ಬಾಗಿಲ ಹಿಂದೆ ನಿಂತರು. ಹಿರಿಯರು ಕಂಬಳಿಯ ಮೇಲೆ ಕೂತು ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು.

“ಇದು ಈಕಿಗೇನು?”

ಗಂಡ ಡಾಕ್ಟರರ ಮಾತು ಹೇಳಿದ.

“ಅಂದ್ರ ನಾವು ಕೆಳಗ, ಆಕಿ ಮ್ಯಾಲ?”

ಗಂಡ ತಲೆ ತಗ್ಗಿಸಿದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೋಗಲಿ ಈ ಕೀಲು ಎಂದು ಗೋಡೆ ಹಿಡಿದು ನೆಲಕ್ಕೆ ಇಳಿಯತೊಡಗಿದೆ.

“ಲೇ, ನೆಲಕ್ಕ ಕುಂತಿ ಅಂದ್ರ ಕಾಲು ಮುರೀತೀನಿ ನೋಡು,” ಎಂದಿತು ಬಾಗಿಲ ಹಿಂದಿನ ದನಿ. “ಮ್ಯಾಲ ಕುಂಡ್ರು.”

ಕೂತೆ. ಹಿರಿಯರು ಬಾಗಿಲ ಕಡೆ ತಿರುಗಿದರು. ಅತ್ತೆ ಹೊರಗೆ ಬಂದು, ಅವರೆದುರಿಗೇ, ನನ್ನ ಕಾಲ ಬಳಿ ಕುರ್ಚಿಗೆ ಒರಗಿ ನೆಲದ ಮೇಲೆ ಕೂತರು. ನನಗೆ ಅಳು ಬಂತು. ಅವರ ಸೆರಗು ಜಾರಿತ್ತು. ಅಷ್ಟು ವರ್ಷ ನಾನು ಹೆದರಿದ್ದ ಹೆಂಗಸಿನ ನೆತ್ತಿ ಮೊದಲ ಸಲ ಮೇಲಿನಿಂದ ಕಂಡಿತು. ಕೂದಲೆಲ್ಲ ಬೆಳ್ಳಗಾಗಿತ್ತು.