ಎದುರುಮನೆ ಅಕ್ಕ ಮತ್ತು ಪಾತ್ರೆ ಮಿಷಿನ್ನು

ಎದುರುಮನೆ ಅಕ್ಕನ ಬೆರಳ ತುದಿಗಳು ಸದಾ ಬೆಂದು ಬೆಳ್ಳಗೆ ಸುಕ್ಕುಗಟ್ಟಿದಂತಿರುತ್ತಿದ್ದವು. ರಾಮನಗರದ ನಮ್ಮ ಬೀದಿಯ ಕೊನೆಯಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಸಣ್ಣ ಯೂನಿಟ್ ನಡೆಸಿದವರು ಅವರು. ಕುದಿನೀರಿನಲ್ಲಿ ಬೇಯುವ ರೇಷ್ಮೆಗೂಡುಗಳಲ್ಲಿ ಎಳೆ ಹುಡುಕಿದ ಬೆರಳುಗಳು; ಒಲೆಯ ಮೇಲಿನ ಹಾಲಿನ ಪಾತ್ರೆಯನ್ನೂ ಬರಿಗೈಯಲ್ಲೇ ಇಳಿಸುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೋಟರಿನ ಸದ್ದು ಕೇಳಿಯೇ, "ಇದ್ರ ಬೇರಿಂಗ್ ಹೋಗೈತೆ" ಎನ್ನುತ್ತಿದ್ದರು.

ನನ್ನ ಮಣಿಕಟ್ಟಿನ ಆಪರೇಷನ್ ಆದಮೇಲೆ ಮನೆಗೆ ಡಿಶ್‌ವಾಷರ್ ತಂದೆವು. ನೋಡಲು ಬಂದ ಅಕ್ಕ ಬಾಗಿಲು ತೆಗೆದು ಒಳಗೆ ಇಣುಕಿ, "ಉಂಡೋರು ಕೈ ತೊಳ್ಕೊಂಡ್ ಎದ್ರಾಯ್ತು. ಒಳ್ಳೇದೇ ಆಯ್ತು ಬುಡವ್ವ" ಎಂದು ನಕ್ಕರು. ಆದರೂ ತಾವು ಕಾಫಿ ಕುಡಿದ ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಎರಡನೇ ವರ್ಷ ಮಿಷಿನ್ನು ಕೈಕೊಟ್ಟಿತು. ಚಾಲೂ ಮಾಡಿದಾಗಲೆಲ್ಲ ಮೇನ್ ಬೋರ್ಡಿನ ಟ್ರಿಪ್ ಸ್ವಿಚ್ ಬಿದ್ದು ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಎರಡು ಸಲ ಬಂದು ನೋಡಿದ್ದ ರಿಪೇರಿಯವನು ಮೂರನೇ ಸಲ ಬೇಸತ್ತು, "ಮೇಡಂ, ಈ ಸ್ವಿಚ್ ಬುಟ್ಟು ಡೈರೆಕ್ಟ್ ಕೊಟ್ಬುಡ್ತೀನಿ, ಆರಾಮಾಗಿ ಓಡ್ತದೆ" ಎಂದ. ನಾನು ಹೂಂ ಅಂದೆ. ಅವನು ಬೋರ್ಡಿನ ಮುಚ್ಚಳ ಬಿಚ್ಚುತ್ತಿರುವಾಗ, ಹಾಲಿಗೆ ಹೆಪ್ಪು ಕೇಳಲು ಅಕ್ಕ ಬಂದರು.

"ಒಸಿ ತಡಿಯಪ್ಪ" ಎಂದು ಅವನನ್ನು ನಿಲ್ಲಿಸಿ ನನ್ನತ್ತ ತಿರುಗಿದರು. "ಹಾಕಿದ್ ತಕ್ಷಣ ಬೀಳ್ತೈತಾ, ನೀರು ಕಾಯೋವಾಗ ಬೀಳ್ತೈತಾ?"

ನಾನು ಗಮನಿಸಿಯೇ ಇರಲಿಲ್ಲ. ಅಕ್ಕ ಮೊದಲು ತಣ್ಣೀರಿಗೆ ಇಟ್ಟು ಚಾಲೂ ಮಾಡಿಸಿ, ಓಡುವಾಗ ಯಾರೂ ಮಿಷಿನ್ನು ಮುಟ್ಟಬಾರದೆಂದು ಹೇಳಿ, ಕುರ್ಚಿ ಎಳೆದು ಅದರ ಎದುರು ಕೂತರು. ತಣ್ಣೀರಿನಲ್ಲಿ ತೊಳೆಯುವುದು ಪೂರ್ತಿ ಮುಗಿಯಿತು; ಏನೂ ಆಗಲಿಲ್ಲ. ರಿಪೇರಿಯವನು ಬಿಸಿನೀರಿಗೆ ತಿರುಗಿಸಿ ಐದು ನಿಮಿಷವಾಗಿರಲಿಲ್ಲ, ಟಪ್ಪೆಂದು ಕರೆಂಟು ಹೋಯಿತು.

"ನೀರ್ ಕಾಯ್ಸೋ ರಾಡು ಒಡ್ದೈತೆ, ಕರೆಂಟು ಸೋರ್ತೈತೆ. ಸ್ವಿಚ್ ಬೀಳೋದು ತೊಂದ್ರೆ ಅಲ್ಲ ಕಣವ್ವ, ಬೀಳ್ದೇ ಇದ್ರೆ ತೊಂದ್ರೆ" ಎಂದರು ಅಕ್ಕ.

ರಿಪೇರಿಯವನು ಪ್ಲಗ್ ಕಿತ್ತು, ರಾಡಿಗೆ ಮೀಟರ್ ಹಿಡಿದು ನೋಡಿದ. "ಹೌದು ಕಣಮ್ಮ" ಎಂದು ತಲೆ ಕೆರೆದುಕೊಂಡ. ಹೊಸ ರಾಡು ಹಾಕಿಸಿದೆವು. ಮಿಷಿನ್ನು ಇವತ್ತಿಗೂ ಓಡುತ್ತಿದೆ. ಅವತ್ತು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದರೆ, "ಯೂನಿಟ್ಟಲ್ಲಿ" ಎಂದಷ್ಟೇ ಹೇಳಿ ಅಕ್ಕ ಹೆಪ್ಪು ತೆಗೆದುಕೊಂಡು ಹೊರಟರು.

ಹೋದ ವರ್ಷ ಅಕ್ಕ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ತಿಥಿಯ ಊಟಕ್ಕೆ ಮರಳವಾಡಿಯಿಂದ ಒಬ್ಬ ಹೆಂಗಸು ಬಂದಿದ್ದರು. ಹಿಂದೆ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದವರಂತೆ. ಮಾತಿಗೆ ಸಿಕ್ಕಾಗ ಹೇಳಿದರು: "ಆಗ ಮೋಟ್ರಿಗೆ ಡೈರೆಕ್ಟ್ ಕೊಟ್ಟಿದ್ರು. ಒದ್ದೆ ಕೈಯಲ್ ಮುಟ್ಬುಟ್ಟೆ, ಕೈ ಅಂಟ್ಕೊಂಡ್ಬುಡ್ತು. ಅಕ್ಕ ಮರದ್ ಮಣೇಲಿ ಹೊಡ್ದು ಬಿಡಿಸುದ್ರು. ಅವತ್ತೇ ಯೂನಿಟ್ ನಿಲ್ಸುದ್ರು. ಬೀಳೋ ಸ್ವಿಚ್ ಹಾಕ್ಸಿದ್ ಮೇಲೇ ಮತ್ತೆ ನಮ್ಮುನ್ನ ಒಳಕ್ ಬುಟ್ಟಿದ್ದು."

ನಮ್ಮ ಮನೆಯಲ್ಲಿ ದಿನವೂ ಒದ್ದೆ ಕೈಯಲ್ಲೇ ಮಿಷಿನ್ನಿಗೆ ಪಾತ್ರೆ ಜೋಡಿಸುವವಳು ನನ್ನ ಮಗಳು. ಅವಳನ್ನು ಕರೆದು ಆ ಹೆಂಗಸಿನ ಪಕ್ಕದ ಎಲೆಗೆ ಕೂರಿಸಿದೆ. ಇಬ್ಬರಿಗೂ ನಾನೇ ಬಡಿಸಿದೆ.