ಹೆಬ್ಬಳ್ಳಿಯ ಕ್ರೋಟನ್ ಕಡ್ಡಿ

ಬಾಟಲಿಯ ನೀರಿನಲ್ಲಿಟ್ಟ ಕಡ್ಡಿ ಕೊಳೆತಾಗ ಏಳುವ ವಾಸನೆಗೆ ಸರಿಯಾದ ಹೋಲಿಕೆ ನನಗೆ ಇನ್ನೂ ಸಿಕ್ಕಿಲ್ಲ. ಅದು ಗಟಾರದ ವಾಸನೆಯಲ್ಲ, ಸತ್ತ ಇಲಿಯದ್ದೂ ಅಲ್ಲ. ಹಳಸಿದ ಗಂಜಿ, ತೊಯ್ದ ಗೋಣಿಚೀಲ, ಕೊಳೆತ ಎಲೆಕೋಸು ಮೂರೂ ಕೂಡಿದರೆ ಹತ್ತಿರಕ್ಕೆ ಬಂದೀತು. ಈಚೆಗೆ ಹಬ್ಬದ ರಜೆ ಮುಗಿಸಿ ಹುಬ್ಬಳ್ಳಿಯ ನಮ್ಮ ಪತ್ರಿಕೆಯ ಕಚೇರಿಯ ಬಾಗಿಲು ತೆರೆದಾಗ, ಯಾರದೋ ಮೇಜಿನ ಮೇಲೆ ಅಲಂಕಾರಕ್ಕೆಂದು ಇಟ್ಟಿದ್ದ ಮನಿಪ್ಲಾಂಟಿನ ಬಾಟಲಿಯಿಂದ ಆ ವಾಸನೆ ಎದ್ದು ಇಡೀ ಕೋಣೆಯನ್ನು ಹಿಡಿದಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು. ತೊಳೆಯಲು ನಾನೇ ಅದನ್ನು ಎತ್ತಿಕೊಂಡೆ. ಬೆರಳು ಒಳಗಿನ ಲೋಳೆಗೆ ತಾಗಿ ಜಾರಿತು. ಅದರ ಬೆನ್ನಿಗೇ ಧಾರವಾಡದ ನಮ್ಮ ಅಡುಗೆಮನೆಯ ಕಿಟಕಿ ಕಣ್ಣ ಮುಂದೆ ಬಂತು. ಆ ಮನೆ ಈಗಿಲ್ಲ. ಅಲ್ಲಿ ಮೂರು ಮಹಡಿಯ ಕಟ್ಟಡವಿದೆ, ಅದರ ಎದುರು ಬಣ್ಣ ಹಚ್ಚಿದ ಸಿಮೆಂಟ್ ಕುಂಡಗಳಲ್ಲಿ ಪ್ಲಾಸ್ಟಿಕ್ ಗಿಡಗಳಿವೆ. ಅವುಗಳ ಮೇಲೆ ಧೂಳು ಕೂತಿದೆ, ಒಂದರಲ್ಲಿ ಗುಟಕಾ ಉಗುಳಿದ್ದಾರೆ.

ಆ ಕಿಟಕಿ ನೀಲಾ ಕಾಕುವಿನದು. ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಮಕ್ಕಳಿರಲಿಲ್ಲ. ಔಷಧದ ಸೀಸೆ, ಶಾಯಿಯ ದೌತಿ, ಬಾಯಿ ಒಡೆದ ಉಪ್ಪಿನಕಾಯಿ ಬಾಟಲಿ, ಯಾರು ಏನು ಬಿಸಾಡಿದರೂ ಎತ್ತಿಟ್ಟುಕೊಂಡು ಅದರಲ್ಲಿ ಒಂದು ಕಡ್ಡಿ ಊರುತ್ತಿದ್ದಳು. ಎಲ್ಲಿಗೆ ಹೋದರೂ ಬರುವಾಗ ಕೈಯಲ್ಲಿ ಒಂದು ಕಡ್ಡಿ ಇದ್ದೇ ಇರುತ್ತಿತ್ತು. ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಕೆಳಗಿನ ಎಲೆ ತೆಗೆದು, ನೀರಿಗೆ ಇಳಿಸಿ, ಕಿಟಕಿಯ ಬಿಸಿಲಿಗೆ ಹಿಡಿದು ನೋಡುವಾಗ ಅವಳ ಮುಖ ಬೇರೆಯೇ ಆಗಿಬಿಡುತ್ತಿತ್ತು. ದಿನಗಳ ಮೇಲೆ ಕಡ್ಡಿಯ ಬುಡದಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಗಂಟು ಕಂಡರೆ ಮೆಲ್ಲಗೆ ನನ್ನನ್ನು ಕರೆಯುತ್ತಿದ್ದಳು: "ಬಾರವ್ವಾ ಇಲ್ಲಿ, ಹಲ್ಲ ಬಂದಾವ ನೋಡು." ಬೇರಿಗೆ ಅವಳು ಹಲ್ಲು ಎನ್ನುತ್ತಿದ್ದಳು. ಬೇರು ಬಂದ ಕಡ್ಡಿ ಡಬ್ಬಿಯ ಮಣ್ಣಿಗೆ ಹೋಗುತ್ತಿತ್ತು, ಡಬ್ಬಿ ಓಣಿಯ ಯಾರದೋ ಮನೆಗೆ ಹೋಗುತ್ತಿತ್ತು, ಖಾಲಿಯಾದ ಬಾಟಲಿಗೆ ಮತ್ತೊಂದು ಕಡ್ಡಿ ಬರುತ್ತಿತ್ತು. ನಿಮ್ಮ ಬಾಲ್ಯದ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬಹುದು. ಇದ್ದಿದ್ದರೆ, ಅವಳ ಬಾಟಲಿಗಳನ್ನು ಮನೆಯ ಉಳಿದವರು ಹೇಗೆ ನೋಡುತ್ತಿದ್ದರು ಎಂಬುದೂ ನಿಮಗೆ ಗೊತ್ತಿರುತ್ತದೆ.

ನಮ್ಮ ಮನೆಯಲ್ಲಿ ಎಲ್ಲರೂ ಹೇಸಿಕೊಳ್ಳುತ್ತಿದ್ದರು. ಹೇಸಿಕೆಗೆ ಕಾರಣವೂ ಇತ್ತು. ಎಷ್ಟು ಜತನ ಮಾಡಿದರೂ ಒಂದಲ್ಲ ಒಂದು ಕಡ್ಡಿ ಕೊಳೆಯುತ್ತಿತ್ತು, ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು, ಲೋಳೆ ಗಾಜಿಗೆ ಅಂಟುತ್ತಿತ್ತು. ಬಾಟಲಿ ತೊಳೆಯುವ ಕೆಲಸ ನನ್ನದು. ಸಣ್ಣ ಕೈ ಬಾಟಲಿಯ ಬಾಯಿಯೊಳಗೆ ಹೋಗುತ್ತದೆ ಎಂಬುದಷ್ಟೇ ಅದಕ್ಕೆ ನನ್ನ ಅರ್ಹತೆ. ಬೂದಿ ಹಚ್ಚಿ ತಿಕ್ಕಿದ ಮೇಲೂ ಬೆರಳಿನ ವಾಸನೆ ಊಟದ ತನಕ ಉಳಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹೇಸಿಕೊಳ್ಳುತ್ತಿದ್ದವರು ಮನೆಯ ಯಜಮಾನರಾದ ದೊಡ್ಡಪ್ಪ. ಅವರದು ಹತ್ತಿ ವ್ಯಾಪಾರ. ಹತ್ತಿಯ ಅಂಡಿಗೆಗೆ, ಎಂದರೆ ಒತ್ತಿ ಕಟ್ಟಿದ ಮೂಟೆಗೆ, ಮೂಗು ಹಚ್ಚಿ ಒಳಗೆ ತೇವ ಎಷ್ಟಿದೆ ಎಂದು ಹೇಳುತ್ತಿದ್ದರು. ಅದೇ ಮೂಗಿನಿಂದ ತಾಟು, ಲೋಟ, ಟವೆಲ್ಲು ಎಲ್ಲವನ್ನೂ ಮೂಸುತ್ತಿದ್ದರು. ಅವರು ಕುಡಿಯುವ ನೀರಿಗೆ ಬೇರೆ ತಾಮ್ರದ ಕೊಡ, ಅದಕ್ಕೆ ಬಿಳಿ ಅರಿವೆಯ ಮುಚ್ಚಳ. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿಟಕಿಯತ್ತ ನೋಡಿ, "ಇದು ಅಡಗಿಮನಿನೋ, ಕೆರಿ ದಂಡಿನೋ?" ಎಂದು ಕೇಳುತ್ತಿದ್ದರು. ಕಾಕು ಸೆರಗು ಎಳೆದುಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಕಾಕುವಿನ ತವರು ಹೆಬ್ಬಳ್ಳಿ. ಅಲ್ಲಿನ ಹಿತ್ತಲಲ್ಲಿ, ದನಗಳಿಗೆ ನೀರು ಕುಡಿಸುವ ಬಾನಿಯ ಪಕ್ಕ, ಅವಳ ತಾಯಿ ಹಚ್ಚಿದ ಒಂದು ಕ್ರೋಟನ್ ಗಿಡವಿತ್ತಂತೆ. ಕುಂಕುಮಗೆಂಪಿನ ಎಲೆ, ನಡುವೆ ಅರಿಸಿನದ ಗೆರೆ. ಪೂಜೆಗೆ ಬರುವ ಗಿಡವಲ್ಲ, ಔಷಧಕ್ಕೂ ಬಾರದು. ಬಣ್ಣ ಚೆಂದವಿದೆ ಎಂಬ ಒಂದೇ ಕಾರಣಕ್ಕೆ ಆ ಹೆಂಗಸು ಅದನ್ನು ಬೆಳೆಸಿದ್ದಳು. ತಾಯಿ ತೀರಿಕೊಂಡ ಮೇಲೆ ಕಾಕುವಿನ ತಮ್ಮಂದಿರು ಟ್ರ್ಯಾಕ್ಟರ್ ನಿಲ್ಲಿಸಲು ಹಿತ್ತಲನ್ನು ಸಮತಟ್ಟು ಮಾಡಿಸುವುದೆಂದು ಗೊತ್ತುಮಾಡಿದರು. ದಿನಕರ್ಮ ಮುಗಿಸಿ ಹೊರಟಾಗ ಕಾಕು ಒಂದು ಕಡ್ಡಿ ಕೇಳಿದಳು. ಹಿರಿಯ ತಮ್ಮ ನಕ್ಕು, "ಸೀರಿ ಕೊಟ್ಟೇವಲ್ಲಕ್ಕಾ, ಕಟಿಗಿ ಯಾಕ ಬೇಕು ನಿನಗ?" ಎಂದನಂತೆ. ಇದು ಕಾಕು ನನಗೆ ಹೇಳಿದ್ದು, ನಾನು ಕಂಡದ್ದಲ್ಲ. ನಾನು ಕಂಡದ್ದು, ಸಂಜೆಯ ಬಸ್ಸಿಳಿದು ಬಂದವಳು ಉಡಿಯಿಂದ ಅಕ್ಕಿ, ಕೊಬ್ಬರಿ ತೆಗೆದಿಟ್ಟು, ಕೊನೆಗೆ ಹಸಿ ಅರಿವೆ ಸುತ್ತಿದ ಗೇಣುದ್ದದ ಕಡ್ಡಿಯನ್ನು ಹೊರಗೆ ತೆಗೆದದ್ದು. ಮರುದಿನವೇ ಆ ಗಿಡವನ್ನು ಬುಡಸಹಿತ ಕಿತ್ತರು. ತಾಯಿಯ ಗಿಡ ಎಂದು ಇನ್ನು ಉಳಿದದ್ದು ಆ ಕಡ್ಡಿಯೊಂದೇ.

ಕ್ರೋಟನ್ ನೀರಿನಲ್ಲಿ ಬೇಗ ಬೇರು ಬಿಡುವುದಿಲ್ಲ. ವಾರಗಳು ಕಳೆದವು. ಒಮ್ಮೆ ಬುಡ ಕರ್ರಗಾಗಿ ಮೆತ್ತಗಾಯಿತು. ಕಾಕು ಅದನ್ನು ಮೂಸಿ ನೋಡಿ, ಕೊಳೆತಷ್ಟನ್ನು ಕೊಯ್ದು, ಬಾಟಲಿ ಬದಲಿಸಿ ಮತ್ತೆ ಇಟ್ಟಳು. ಇನ್ನೊಮ್ಮೆಯೂ ಹಾಗೇ ಆಯಿತು. ಕಡ್ಡಿ ಗಿಡ್ಡವಾಗುತ್ತ ಬಂತು. ಆ ದಿನಗಳಲ್ಲಿ ಅವಳು ಎದ್ದ ಕೂಡಲೇ ಮುಖವನ್ನೂ ತೊಳೆಯದೆ ಕಿಟಕಿಗೆ ಹೋಗುತ್ತಿದ್ದಳು. ಹಲ್ಲು ಬಂದ ದಿನ ನನ್ನನ್ನು ಕರೆಯಲಿಲ್ಲ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಾನೇ ನಾನಿದ್ದಲ್ಲಿಗೆ ಬಂದಳು.

ನಮ್ಮ ಊರುಗಳಲ್ಲಿ ನಳದಲ್ಲಿ ನೀರು ದಿನವೂ ಬರುವುದಿಲ್ಲ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಳ ಬಂದ ದಿನ ನಮ್ಮಲ್ಲಿ ಒಂದು ರೂಢಿ: ಅಷ್ಟು ದಿನ ಜೀವದಂತೆ ಕಾಯ್ದುಕೊಂಡ ನೀರು ಆ ಗಳಿಗೆಯಿಂದ ಹಳೇ ನೀರು. ಕೊಡ, ಹಂಡೆ, ಬ್ಯಾರಲ್ಲು ಎಲ್ಲವನ್ನೂ ಗಟಾರಕ್ಕೆ ಬರಿದು ಮಾಡಿ ಹೊಸ ನೀರು ತುಂಬಬೇಕು. ಕಡ್ಡಿಗೆ ಹಲ್ಲು ಬಂದ ಕೆಲವು ದಿನಕ್ಕೆ ಹೀಗೇ ಒಮ್ಮೆ ನಳ ಬಂತು. ಕಾಕು ಹಿತ್ತಲಲ್ಲಿ ಹಂಡೆ ತೊಳೆಯುತ್ತಿದ್ದಳು. ಹಳೇ ನೀರು ಚೆಲ್ಲಿಸುವ ಉಸ್ತುವಾರಿ ದೊಡ್ಡಪ್ಪನದು. ಅವರು ಅಡುಗೆಮನೆಗೆ ಹೋದರು. ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು, ಕಿಟಕಿಯ ಬಾಟಲಿಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಎತ್ತಿ, ಬೀದಿಯ ಗಟಾರಕ್ಕೆ ಬಗ್ಗಿಸಿದರು. ಕ್ರೋಟನ್ನನ್ನೂ ಬಗ್ಗಿಸಿದರು. ಇದನ್ನು ನಾನು ಕಣ್ಣಾರೆ ಕಂಡೆ, ಓಡಿ ಹೋಗಿ ಕಾಕುವಿಗೆ ಹೇಳಿದೆ.

ನಾನು ಕೇಳಿದಾಗ ದೊಡ್ಡಪ್ಪ ಶಾಂತವಾಗಿ, "ಹಳೇ ನೀರಂತ ಚೆಲ್ಲೇನಿ. ಅದರಾಗ ಕಡ್ಡಿ ಐತಂತ ನನಗೇನು ಗೊತ್ತು?" ಎಂದರು. ಕೆಂಪು ಎಲೆ ಬಾಟಲಿಯ ಬಾಯಿಯ ಮೇಲೆ ಎದ್ದು ಕಾಣುತ್ತಿತ್ತು. ಗಾಳಿಯಲ್ಲಿ ನಿಂತ ಗಟಾರದ ನಾತಕ್ಕಿಂತ, ಹುಳ ಬಿದ್ದ ಆ ನೀರಿಗಿಂತ, ಆ ಸಮಾಧಾನದ ದನಿ ನನಗೆ ಹೆಚ್ಚು ಹೇಸಿಗೆ ತರಿಸಿತು. ಇಷ್ಟು ವರ್ಷ ಸುದ್ದಿಯ ಕೆಲಸದಲ್ಲಿ ಆ ದನಿಯನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಮನೆಯ ದೊಡ್ಡವರಿಗೆಲ್ಲ ಅದು ಸುಳ್ಳೆಂದು ಗೊತ್ತಿತ್ತು. ಆದರೂ ಎಲ್ಲರೂ ಕೊಡ ತುಂಬುತ್ತಲೇ ಇದ್ದರು.

ಕಾಕು ಸೀರೆ ಮೇಲೆ ಕಟ್ಟಿ ಗಟಾರದ ಅಂಚಿಗೆ ಕೂತು ಮೊಳಕೈತನಕ ಕೈ ಇಳಿಸಿದಳು. ಕರಿಯ ರಾಡಿ, ಕೂದಲ ಗಂಟು, ತರಕಾರಿ ಸಿಪ್ಪೆ, ಬೂಷ್ಟು ಹಿಡಿದ ಬೇಳೆ ಒಂದೊಂದಾಗಿ ಮೇಲೆ ಬಂದವು. ಎದುರು ಮನೆಯಾಕೆ ಕಟ್ಟೆಯ ಮೇಲಿನಿಂದಲೇ, "ಏನ ನೀಲಕ್ಕಾ, ಬಂಗಾರ ಬಿತ್ತೇನ?" ಎಂದಳು. "ಬಂಗಾರ ಆಗಿದ್ರ ಬಿಡತಿದ್ದೆ," ಎಂದಳು ಕಾಕು, ತಲೆ ಎತ್ತಲಿಲ್ಲ. ಕಡ್ಡಿ ಕೆಳಗೆ, ಮೋರಿಯ ಬಾಯಲ್ಲಿ ಸಿಕ್ಕಿತ್ತು. ಹಲ್ಲುಗಳೆಲ್ಲ ಮುರಿದಿದ್ದವು, ಒಂದು ಎಲೆ ಉಳಿದಿತ್ತು. ಅದನ್ನು ಹಿಡಿದು ಅವಳು ಒಳಗೆ ಬಂದಳು. ಆ ಹೊತ್ತಿಗೆ ನಳ ನಿಂತಿತ್ತು. ನೇರ ದೊಡ್ಡಪ್ಪನ ತಾಮ್ರದ ಕೊಡದ ಹತ್ತಿರ ಹೋಗಿ, ಬಿಳಿ ಅರಿವೆ ಸರಿಸಿ, ಗಟಾರದ ಕೈಯನ್ನು ಕಡ್ಡಿಯ ಸಮೇತ ಒಳಗೆ ಅದ್ದಿ ನಿಧಾನವಾಗಿ ತೊಳೆದಳು. ನೀರು ಕದಡಿ ಕರಿ ಎಳೆಗಳು ಮೇಲೆ ತೇಲಿದವು. ಆಮೇಲೆ, ಮದುವೆಯಾಗಿ ಬಂದಂದಿನಿಂದ ಎದುರಿಗೆ ನಿಂತು ಮಾತಾಡದಿದ್ದವಳು, ಅವರ ಮುಖ ನೋಡಿ ಹೇಳಿದಳು: "ಈ ನೀರು ಹಳೇದಾತ್ರಿ ಭಾವಾರ. ಚೆಲ್ರಿ."

ಮನೆ ಒಡೆದದ್ದು ಅದರಿಂದಲೇ ಎಂದು ಬಂಧುಗಳು ಹೇಳುತ್ತಾರೆ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಕೊಡ ಮತ್ತೆ ಬಳಕೆಗೆ ಬರಲಿಲ್ಲ, ಮತ್ತು ಆ ವರ್ಷವೇ ಕಾಕಾ, ಕಾಕು ನವನಗರದ ಬಾಡಿಗೆ ಮನೆಗೆ ಹೋದರು. ಗಾಡಿಗೆ ಸಾಮಾನು ಹೇರಿದ ಮೇಲೆ ಕಾಕು ಕಡ್ಡಿಯ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಲ್ಲಿ ಅದು ಮತ್ತೆ ಬೇರು ಬಿಟ್ಟಿತು. ಎಣ್ಣೆಡಬ್ಬಿಯ ಮಣ್ಣಿನಲ್ಲಿ ನಿಂತು, ಚಿಗುರಿ, ನನ್ನ ಸೊಂಟದೆತ್ತರಕ್ಕೆ ಬಂತು. ಕುಂಕುಮಗೆಂಪಿನ ಎಲೆ, ನಡುವೆ ಅರಿಸಿನದ ಗೆರೆ. ಆ ಗಿಡವನ್ನು ನಾನೂ ಮೆಚ್ಚಿದೆ, ಬಂದವರೆಲ್ಲ ಮೆಚ್ಚಿದರು, ಒಂದು ಕಡ್ಡಿ ಕೇಳಿದರು. ಮನಿಪ್ಲಾಂಟ್, ದೊಡ್ಡಪತ್ರೆ, ಏನು ಕೇಳಿದರೂ ಕೊಯ್ದು ಕೊಡುತ್ತಿದ್ದ ಕಾಕು ಇದೊಂದಕ್ಕೆ ಚಾಕು ತಾಗಿಸಲಿಲ್ಲ. ನಾನು ಕೇಳಿದಾಗಲೂ ಇಲ್ಲ ಎಂದಳು. "ಅದಕ್ಕ ಬ್ಯಾಡವ್ವಾ. ಅದು ಕಂಡದ್ದು ಸಾಕು." ಒಂದು ಕಡ್ಡಿ ಕೊಯ್ದರೆ ಎರಡಾಗುತ್ತವೆ ಎಂದು ನನಗೆ ಕಲಿಸಿದವಳೇ ಅವಳು.

ಕಾಕಾ ತೀರಿಕೊಂಡ ಮರುವರ್ಷ, ಬೇಸಿಗೆಯಲ್ಲಿ, ಕಾಕು ಜ್ವರಕ್ಕೆ ಆಸ್ಪತ್ರೆ ಸೇರಿ ಕೆಲವು ವಾರ ಅಲ್ಲೇ ಇರಬೇಕಾಯಿತು. ಹಗಲು ಆಸ್ಪತ್ರೆ, ಸಂಜೆ ಕಚೇರಿ ಎಂದು ನಾನು ಓಡಾಡುತ್ತಿದ್ದೆ. ಗಿಡಕ್ಕೆ ನೀರು ಹಾಕುತ್ತೇವೆಂದು ಒಪ್ಪಿಕೊಂಡಿದ್ದ ಪಕ್ಕದ ಮನೆಯವರು ಮದುವೆಗೆಂದು ಊರಿಗೆ ಹೋದರು. ಕಾಕುವನ್ನು ಮನೆಗೆ ಕರೆತಂದಾಗ ಎಲೆಗಳೆಲ್ಲ ಡಬ್ಬಿಯ ಸುತ್ತ ಉದುರಿದ್ದವು. ಅವಳು ಚಾಪೆ ಹಾಸಿಸಿಕೊಂಡು ಡಬ್ಬಿಯ ಮುಂದೆ ಕೂತು ಚಾಕು ಕೇಳಿದಳು. ತುದಿಯಿಂದ ಒಂದು ಗೆಣ್ಣು ಕೊಯ್ದು, ಕೊಯ್ದ ಬಾಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಹಸಿರು ಇರಲಿಲ್ಲ. ಅದರ ಕೆಳಗಿನ ಗೆಣ್ಣು ಕೊಯ್ದಳು. ನನ್ನ ಕೈಗೆ ಕೊಟ್ಟು, "ನಿನ್ನ ಕಣ್ಣು ಛಲೋ ಅದಾವು, ನೋಡು," ಎಂದಳು. ಇಲ್ಲ ಎಂದೆ. ಹಾಗೆ ಒಂದೊಂದೇ ಗೆಣ್ಣು ಕೊಯ್ಯುತ್ತ, ಒಂದೊಂದನ್ನೂ ನನಗೆ ತೋರಿಸುತ್ತ, ಮಣ್ಣಿನ ತನಕ ಬಂದಳು. ಕೊನೆಯ ಗೆಣ್ಣಿನಲ್ಲೂ ಹಸಿರು ಇರಲಿಲ್ಲ.